ಚಿಕ್ಕಮ್ಮನ ಬೆನ್ನಿಗೆ ಮೂರು ಒದೆ

ತಾಯಿಗೆ ಸಮಾನಳಾದ ಚಿಕ್ಕಮ್ಮನ ಬೆನ್ನಿಗೆ ಒದ್ದಿದೀನಿ ನಾನು. ಸಿಟ್ಟು ಬಂದು ಅಲ್ಲ. ಸ್ನಾನ ಮಾಡಿ, ಬಲಗಾಲು ಇನ್ನೊಂದು ಸಲ ತೊಳ್ಕೊಂಡು, ಪಕ್ಕದಲ್ಲಿ ನಮ್ಮಮ್ಮ ನಿಂತು 'ಮೆತ್ತಗೆ ಕಣೋ' ಅಂತಿರುವಾಗಲೇ, ಲಕ್ಷಣವಾಗಿ ಮೂರು ಸಲ. ಒದೆಸ್ಕೊಂಡವಳು ಎದ್ದು ಸೆರಗು ಸರಿಮಾಡ್ಕೊಂಡು ನನಗೆ ಬಾಳೆಹಣ್ಣು ಬೇರೆ ಕೊಟ್ಳು. ಹುಚ್ಚು ಯಾರಿಗೆ ಅಂತ ನೀವು ಕೇಳ್ಬಹುದು. ಆ ಪಟ್ಟಕ್ಕೆ ಇಡೀ ಅರಸೀಕೆರೇಲಿ ನಮ್ಮ ಚಿಕ್ಕಮ್ಮನಿಗೆ ಎದುರಾಳಿ ಇರಲಿಲ್ಲ. ಆವತ್ತೊಂದು ದಿನ ಮಾತ್ರ ನಾನು ಗೆದ್ದುಬಿಟ್ಟೆ.

ವಿಷಯ ಏನಪ್ಪಾ ಅಂದ್ರೆ, ನಾನು ಹುಟ್ಟುವಾಗ ತಲೆ ಬದ್ಲು ಕಾಲು ಮುಂದಿಟ್ಕೊಂಡು ಬಂದೋನು. ನಮ್ಮ ಕಡೆ ಅಂಥವರ ಕಾಲಿಗೆ ಭಾರೀ ಬೆಲೆ. ಸೊಂಟವೋ ಬೆನ್ನೋ ಉಳುಕಿದ್ರೆ, ಕಾಲು ಮುಂದಾಗಿ ಹುಟ್ಟಿದೋನು ಆ ಜಾಗಕ್ಕೆ ಮೂರು ಸಲ ಒದ್ರೆ ಉಳುಕು ಬಿಡುತ್ತೆ ಅಂತ ನಂಬಿಕೆ. ನನ್ನ ತಲೆಯಿಂದ ಮನೆಗೆ ಯಾವ ಕೀರ್ತಿನೂ ಬರ್ಲಿಲ್ಲ, ಪಿಯುಸಿ ಫಲಿತಾಂಶ ನೋಡಿದವರಿಗೆಲ್ಲ ಅದು ಗೊತ್ತು. ಬಂದ ಕೀರ್ತಿಯೆಲ್ಲ ಕಾಲಿಂದಲೇ! ಹಾರನಹಳ್ಳಿಯಿಂದ ಟೆಂಪೋ ಹತ್ತಿ ಬಂದು ನಮ್ಮ ಜಗಲೀಲಿ ಬೋರಲು ಮಲಗೋರು. ಹೈಸ್ಕೂಲಿನುದ್ದಕ್ಕೂ ನನ್ನ ಬೆನ್ನಿಗೆ ಬೆತ್ತ ಬಿಟ್ಟಿದ್ದ ಡ್ರಿಲ್ ಮೇಷ್ಟ್ರೂ ಒಂದಿನ ಬಂದು ಮಲಗಿದ್ರು. ಅವರಿಗೆ ಮಾತ್ರ ಪದ್ಧತಿಗಿಂತ ಎರಡು ಒದೆ ಜಾಸ್ತಿ ಕೊಟ್ಟೆ. ಗುಣ ಆಯ್ತಪ್ಪಾ ಅಂತ ಕೈಮುಗಿದು ಹೋದ್ರು.

ಇನ್ನು ಚಿಕ್ಕಮ್ಮ. ನಮ್ಮಮ್ಮನ ತಂಗಿ, ನಮ್ಮ ಬೀದೀಲೇ ಮನೆ. ಚಿಕ್ಕಪ್ಪ ರೈಲ್ವೇಲಿ ಗಾರ್ಡು. ಕೆಲಸಕ್ಕೆ ಹೋದ್ರೆ ಇಡೀ ರೈಲು ಅವರ ಸೀಟಿ ಸದ್ದಿಗೆ ಕಾಯ್ತಿತ್ತು, ಮನೇಲಿ ಅವರು ಬಾಯಿ ಬಿಡೋಕೆ ಹಸಿರು ಬಾವುಟ ಯಾವತ್ತೂ ಸಿಕ್ತಿರಲಿಲ್ಲ. ಚಿಕ್ಕಮ್ಮನ ಗಂಟಲು ಅಂಥದ್ದು. ಒಂದ್ಸಲ ಚಿಕ್ಕಪ್ಪ ಊಟದ ಕ್ಯಾರಿಯರ್ ಮರೆತು ಹೋದ್ರು ಅಂತ ಸ್ಟೇಷನ್ನಿಗೆ ಓಡಿ, ಪ್ಲಾಟ್‌ಫಾರಂ ತುದೀಲಿ ನಿಂತು 'ಏನೂಂದ್ರೇ' ಅಂತ ಒಂದು ಕೂಗು ಹಾಕಿದ್ಳು. ಚಿಕ್ಕಪ್ಪ ಇಳಿದು ಬಂದ್ರು. ಅವರ ಹಿಂದೆ ಇನ್ನೂ ನಾಲ್ಕೈದು ಗಂಡಸರು, ತಂತಮ್ಮ ಹೆಂಡ್ತೀರೇ ಕರೆದ್ರು ಅಂದ್ಕೊಂಡು, ಗಾಬರಿಯಿಂದ ಇಳಿದು ಬಂದ್ರು!

ರಜ ಬಂತು ಅಂದ್ರೆ ಅವಳಿಗೆ ಮನೆ ಆಗ್ತಿರಲಿಲ್ಲ. ನನ್ನನ್ನ ಬಾಲದ ಥರ ಕಟ್ಕೊಂಡು ಬಸ್ಸು ಹತ್ತೋಳು, ಇವತ್ತು ಹಳೇಬೀಡು, ಮುಂದಿನ ವಾರ ಬೇಲೂರು. ಅಲ್ಲಿ ಗುಡಿ ನೋಡೋಕೆ ಬಂದ ಅಪರಿಚಿತರನ್ನ ಹಿಡಿದು ನಿಲ್ಲಿಸಿ ಶಿಲ್ಪಗಳ ಪರಿಚಯ ಮಾಡಿಸೋಳು. ಪುಕ್ಕಟೆ. ಷರತ್ತು ಒಂದೇ, ಮುಗಿಯೋವರೆಗೂ ಯಾರೂ ಕದಲಬಾರ್ದು. ಕನ್ನಡಿ ಹಿಡಿದ ಸುಂದರಿ ಅವಳ ಪ್ರಕಾರ ಅತ್ತೆ ಮನೆಗೆ ಹೊರಟಿದ್ದಾಳೆ, ಅದಕ್ಕೇ ಮುಖ ಆ ಥರ ಇದೆ. ಒಂದಿನ ಹಳೇಬೀಡಿನ ಗೈಡು ಜಗಳಕ್ಕೇ ಬಂದ, ನೀವು ಹೇಳೋದೆಲ್ಲ ಸುಳ್ಳು ಕಣಮ್ಮಾ ಅಂತ. ಚಿಕ್ಕಮ್ಮ ತಣ್ಣಗೆ ಹೇಳಿದ್ಳು, "ನೀವು ಇಸವಿ ಹೇಳ್ರಿ. ನಾನು ಸಂಸಾರ ಹೇಳ್ತೀನಿ."

ಅವಳ ದೊಡ್ಡ ಸಾಹಸ ಅಂದ್ರೆ ಹಳೇಬೀಡಿನ ಗೋಡೆಯ ಬುಡದಲ್ಲಿರೋ ಆನೆ ಸಾಲು. ಒಂದು ಮೂಲೆಯಿಂದ ಶುರು ಮಾಡಿದ್ರೆ, ಯಾವ ಆನೆ ಸೋಮಾರಿ, ಯಾವುದು ಮುಂದಿನದರ ಬಾಲ ನೋಡಿ ನಗ್ತಿದೆ ಅಂತೆಲ್ಲ ಹೇಳ್ತಾ, ಗೋಡೆ ತಿರುಗೋವರೆಗೆ ಒಂದೇ ಉಸಿರು. ಕೇಳೋರಿಗೇ ಏದುಸಿರು ಬರೋದು, ಅವಳಿಗಲ್ಲ.

ಒಂದು ಭಾನುವಾರ ಆನೆ ಸಾಲು ಅರ್ಧಕ್ಕೇ ನಿಂತ್ಹೋಯ್ತು.

ಗೋಡೆಗೆ ಕೈ ಕೊಟ್ಟು, ಕಣ್ಣು ಮುಚ್ಚಿ ನಿಂತಿದ್ಳು. ಏನಾಯ್ತು ಅಂದ್ರೆ ಬಲಗಡೆ ಬೆನ್ನು ಹಿಡ್ಕೊಂತು, ಉಳುಕು ಅಂದ್ಳು. ವಾಪಸ್ ಬರುವಾಗ ಬಸ್ಸಲ್ಲಿ ಒಂದು ಮಾತಿಲ್ಲ. ಕಂಡಕ್ಟರೂ ತಿರುಗಿ ತಿರುಗಿ ನೋಡಿದ. ಮನೆಗೆ ಬಂದೋಳೇ ಜಗಲೀಲಿ ಬೋರಲು ಮಲಗಿ, "ಒದಿಯೋ ವೈದ್ಯ" ಅಂದ್ಳು. ಒದ್ದೆ.

ಬೆಳಗಾಗೋ ಹೊತ್ತಿಗೆ ಚಿಕ್ಕಮ್ಮನಿಗೆ ಒಂದು ವಾಕ್ಯ ಪೂರ್ತಿ ಆಡೋಕೆ ಆಗ್ತಿರಲಿಲ್ಲ. ಹಾಸನದ ಆಸ್ಪತ್ರೇಲಿ ಎಕ್ಸ್-ರೇ ತೆಗೆದ್ರು. ಬಲಗಡೆ ಶ್ವಾಸಕೋಶ ಗಾಳಿ ಹೋದ ಬಲೂನಿನ ಥರ ಮುದುಡಿ ಕೂತಿತ್ತು. ಡಾಕ್ಟರು, ಬಿದ್ರಾ, ಬೆನ್ನಿಗೇನಾದ್ರೂ ಪೆಟ್ಟಾಯ್ತಾ ಅಂತ ಕೇಳಿದ್ರು. ಅಮ್ಮ ನನ್ನ ಕಾಲು ನೋಡಿದ್ಳು. ಚಿಕ್ಕಪ್ಪನೂ ನೋಡಿದ್ರು. ನಾನು ಬಲಗಾಲನ್ನ ಎಡಗಾಲ ಹಿಂದೆ ಬಚ್ಚಿಟ್ಕೊಂಡು ಕೊಕ್ಕರೆ ಥರ ನಿಂತ್ಕೊಂಡೆ. ನಗ್ಬೇಡಿ. ಒಳಗೆ ಅವಳ ಪಕ್ಕೆಗೆ ತೂತು ಮಾಡಿ ನಳಿಗೆ ಹಾಕಿದ್ರು. ಅದರ ತುದಿ ನೀರಿದ್ದ ಬಾಟ್ಲೀಲಿ ಮುಳುಗಿತ್ತು, ಗುಳುಗುಳು ಅಂತ ಗುಳ್ಳೆ ಬರ್ತಿತ್ತು. ಒಂದೊಂದು ಗುಳ್ಳೆಗೂ ನನಗೆ ಒಂದೇ ಮಾತು ಕೇಳೋದು. ನೀನೇ, ನೀನೇ, ನೀನೇ.

ವಾಸಿ ಆಯ್ತು ಅಂತ ಮನೆಗೆ ಬಂದ್ಳು. ಕೆಲವು ತಿಂಗಳಿಗೆ ಇನ್ನೊಂದು ಸಲ ಮುದುಡ್ತು, ಈ ಸಲ ಯಾರೂ ಮುಟ್ಟದೇನೇ. ಹಾಸನದವರು ಬೆಂಗಳೂರಿಗೆ ಕಳಿಸಿದ್ರು.

ಅಲ್ಲಿನ ಡಾಕ್ಟರು ಶ್ವಾಸಕೋಶದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ರು. ಆ ಚೂರನ್ನ ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಅದಕ್ಕೊಂದು ಬಣ್ಣ ಹಾಕ್ತಾರಂತೆ. ಅಪರೂಪದ ಖಾಯಿಲೆ ಒಂದಿದೆ, ಹೆಚ್ಚಾಗಿ ಹೆಂಗಸರಿಗೇ ಬರೋದು, ಅದರ ಕಣಗಳಿದ್ರೆ ಆ ಬಣ್ಣ ಅಂಟುತ್ತೆ, ಇಲ್ಲದಿದ್ರೆ ಅಂಟಲ್ಲ ಅಂತ ವಿವರಿಸಿದ್ರು. ಅರಸೀಕೆರೆಗೆ ವಾಪಸ್ ಬಂದು ನಾನು ದಿನಾ ಎಸ್‌ಟಿಡಿ ಬೂತಲ್ಲಿ ಫೋನಿಗೆ ಕಾಯ್ತಾ ಕೂತೆ. ಊರಲ್ಲಿ ದೇವರಿಗೆ ಮಳೆ ಕೊಡಪ್ಪಾ, ಮಗು ಕೊಡಪ್ಪಾ ಅನ್ನೋರಿದ್ರು. ಬಣ್ಣ ಅಂಟಿಸ್ಬೇಡಪ್ಪಾ ಅಂತ ಹರಕೆ ಹೊತ್ತೋನು ನಾನೊಬ್ನೇ ಇರ್ಬೇಕು.

ಅಂಟಿತ್ತು.

ಮತ್ತೆ ಬೆಂಗಳೂರಿಗೆ ಹೋದಾಗ ಡಾಕ್ಟರು ಖಾಯಿಲೆ ಹೆಸರು ಹೇಳಿದ್ರು. ಅರಸೀಕೆರೇಲಿ ಶುರು ಮಾಡಿದ್ರೆ ತಿಪಟೂರಲ್ಲಿ ಮುಗಿಯೋ ಅಂಥ ಹೆಸರು. ಚಿಕ್ಕಮ್ಮ ಕೇಳಿ, "ಡಾಕ್ಟ್ರೇ, ಉಸಿರಿಲ್ಲದೋರ ಖಾಯಿಲೆಗೆ ಇಷ್ಟುದ್ದ ಹೆಸರಿಟ್ರೆ ನಾವು ಹೆಂಗೆ ಹೇಳ್ಬೇಕು?" ಅಂದ್ಳು. ಅಷ್ಟಕ್ಕೇ ಬಿಡದೆ ನನ್ನ ಚೂರು ನನಗೆ ತೋರಿಸಿ ಅಂತ ಹಟ ಹಿಡಿದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಳು. ಬಹಳ ಹೊತ್ತು ನೋಡಿ, ಬೇಲೂರು ಗುಡೀಲಿ ಗಾಳಿ ಬೆಳಕಿಗೆ ಅಂತ ಕಲ್ಲಿನ ಜಾಲಂಧ್ರ ಇಲ್ವಾ, ಥೇಟ್ ಹಂಗೇ ಐತೆ, ತೂತು ತೂತು ಅಂದ್ಳು. ಸುತ್ತ ಕಂದು ಬಣ್ಣ ಕಟ್ಟಿತ್ತಂತೆ. ನಾನು ನೋಡ್ಲಿಲ್ಲ. ಧೈರ್ಯ ಬರ್ಲಿಲ್ಲ.

ಆವಾಗ ಚಿಕ್ಕಪ್ಪ ಬಾಯಿ ಬಿಟ್ರು. "ಎಷ್ಟು ಬೇಗ, ಸಾರ್?"

ಡಾಕ್ಟರು ಹೇಳಿದ್ರು. ಬಣ್ಣ ಖಾಯಿಲೆ ಹೆಸರು ಹೇಳುತ್ತೆ, ವೇಗ ಹೇಳಲ್ಲ. ಚೂರು ನೋಡೇ ವೇಗ ಹೇಳೋ ಗುರುತು ಸಿಗುತ್ತಾ ಅಂತ ಎಲ್ಲೆಲ್ಲೋ ಹುಡುಕ್ತಿದ್ದಾರೆ. ಸದ್ಯಕ್ಕೆ ಅದನ್ನ ಹೇಳೋದು ಊದೋ ಯಂತ್ರ ಮಾತ್ರ. ಗ್ಯಾರಂಟಿ ಔಷಧಿ ಅಂತ ಇನ್ನೂ ಇಲ್ಲ.

ಊದೋ ಯಂತ್ರ ಅಂದ್ರೆ ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ. ಪಕ್ಕದಲ್ಲೊಬ್ಬ ನಿಂತು ಊದಿ, ಊದಿ, ಇನ್ನೂ, ಇನ್ನೂ ಅಂತ ಕಿರುಚ್ತಾನೆ. ಮೊದಲ ಸಲ ಚಿಕ್ಕಮ್ಮ ಕೊಳವೆ ತೆಗೆದು, ಮದುವೆ ಮನೆ ವಾಲಗದೋರಿಗೂ ಯಾರೂ ಇಷ್ಟು ಬಲವಂತ ಮಾಡಲ್ಲ ಕಣಪ್ಪಾ ಅಂತ ಅವನ ಬಾಯಿ ಮುಚ್ಚಿಸಿದ್ಳು. ಕಾಗದದ ಮೇಲೆ ಅವಳ ಉಸಿರು ಬೆಟ್ಟದ ಥರ ಬಂತು. ಮುಂದಿನ ಸಲ ಹೋದಾಗ ದಿಬ್ಬ. ಅದರ ಮುಂದಿನ ಸಲ ಹುತ್ತ. ಆ ಸಲ ಅವನು ಎಷ್ಟು ಕಿರುಚಿದ್ರೂ ಚಿಕ್ಕಮ್ಮ ಒಂದು ಚುಚ್ಚುಮಾತೂ ಆಡ್ಲಿಲ್ಲ. ಉಸಿರು ಉಳಿಸ್ಕೊಳ್ತಿದ್ಳು. ಹುತ್ತ ನೋಡಿ ನನಗೆ ಅಷ್ಟು ಭಯ ಆಗ್ಲಿಲ್ಲ, ಅವಳು ಸುಮ್ನಿದ್ದದ್ದು ನೋಡಿ ಆಯ್ತು.

ಡಾಕ್ಟರನ್ನ ಗುಟ್ಟಾಗಿ ಕೇಳಿದ್ದೆ, ಒದೆಯಿಂದ ಬಂತಾ ಸಾರ್ ಅಂತ. ಖಾಯಿಲೆ ಒದೆಯಿಂದ ಬರಲ್ಲಯ್ಯಾ ಅಂದ್ರು. ಮತ್ತೆ ಆವತ್ತು ಗಾಳಿ ಹೋದದ್ದು? ಅದು ಒದೆಗೆ ಮುಂಚೆನೋ ಆಮೇಲೋ ಈಗ ಹೇಳೋಕಾಗಲ್ಲ, ಇನ್ಮೇಲೆ ಯಾರಿಗೂ ಒದೀಬೇಡ ಅಂದ್ರು. ಅವತ್ತೇ ನಾನು ವೈದ್ಯ ವೃತ್ತಿಗೆ ರಾಜೀನಾಮೆ ಕೊಟ್ಟೆ. ಹಾರನಹಳ್ಳಿಯವರು ಬಂದ್ರೆ ಹಿತ್ತಲ ಬಾಗಿಲಿಂದ ಓಡಿಹೋಗ್ತಿದ್ದೆ. ತಮಾಷೆ ಮಾಡೋದೂ ಬಿಟ್ಟೆ, ಅವಳು ನಕ್ಕರೆ ಇನ್ನೆಲ್ಲಿ ತೂತು ಬೀಳುತ್ತೋ ಅಂತ.

ಒಂದು ಚಳಿಗಾಲ ಕಳೆದ ಮೇಲೆ ಚಿಕ್ಕಮ್ಮ ಹಳೇಬೀಡಿಗೆ ಹೋಗ್ಲೇಬೇಕು ಅಂದ್ಳು. ಕಾರು ಮಾಡ್ಕೊಂಡು ಹೋದ್ವಿ. ಗೋಡೆ ಹತ್ರ ಕೂತು ಒಂದು ಆನೆ ಕತೆ ಹೇಳೋಳು, ಸುಧಾರಿಸ್ಕೊಳ್ಳೋಳು, ಆಮೇಲೆ ಇನ್ನೊಂದು. ಕೇಳೋಕೆ ನಿಂತ ಜನ ಷರತ್ತಿಲ್ಲದೇನೇ ಕಾಯ್ತಿದ್ರು. ಆ ಗೈಡೂ ಬಂದು ಕೊಡೆ ಹಿಡಿದು ನಿಂತಿದ್ದ. ಇಸವಿ ಎತ್ಲಿಲ್ಲ.

ಜನ ಚದುರಿದ ಮೇಲೆ ನಾನು ಹೇಳಿದೆ, "ಆವತ್ತು ಒದೀಬಾರ್ದಿತ್ತು ಚಿಕ್ಕಮ್ಮಾ."

ಅವಳು ನನ್ನ ಕಾಲು ನೋಡಿದ್ಳು, ಆಮೇಲೆ ಮುಖ. "ಉಳುಕಲ್ಲ ಅಂತ ನಂಗೆ ಗೊತ್ತಿತ್ತು ಕಣೋ. ಅದಕ್ಕೂ ಮುಂಚೆ ಎಷ್ಟೋ ಸಲ ಹಿಡ್ಕೊಂಡಿತ್ತು. ನಲ್ಲಿ ಹತ್ರ ಬಿಂದಿಗೆ ಎತ್ತುವಾಗ. ಯಾರಿಗೂ ಹೇಳಿರಲಿಲ್ಲ."

"ಮತ್ತೆ ಯಾಕೆ ಒದೆಸ್ಕೊಂಡೆ?"

ಚಿಕ್ಕಮ್ಮ ಉಸಿರು ಬರೋವರೆಗೂ ಕಾದ್ಳು. ನಾನೂ ಕಾದೆ.

"ಉಳುಕಾದ್ರೆ ನಮ್ಮನೇಲೇ ವೈದ್ಯ ಅವ್ನೆ ಮುಂಡೇದೇ. ಬೇರೆ ಏನಾದ್ರೂ ಆದ್ರೆ ಯಾರತ್ರ ಹೋಗ್ಲಿ? ನೀನು ಒದ್ದ ಮೇಲೆ, ಉಳುಕೇ ಇರ್ಬೇಕು ಅಂದ್ಕೊಂಡು ಮಲಗಿದೆ. ಅಷ್ಟು ಚೆನ್ನಾಗಿ ಇನ್ಯಾವತ್ತೂ ನಿದ್ದೆ ಬಂದಿಲ್ಲ ಕಣೋ."