ಕೆರೆಗೆ ಹೋದ ಕೊಟ್ಟಿಗೆ

ದೊಡ್ಡತಾಯಮ್ಮನವರ ಹಸುವಿನ ಕೊಟ್ಟಿಗೆಯು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ, ಇದ್ದ ಜಾಗದಿಂದ ಕದಲದೆಯೇ, ಮುನ್ನೂರು ಮೀಟರು ಆಚೆಗಿನ ಕೆರೆಯೊಳಕ್ಕೆ ಹೋಯಿತೆಂದು ಸರ್ವರಿಗೂ ತಿಳಿಯಪಡಿಸಲಾಗಿದೆ. ಆ ಹೊತ್ತಿನಲ್ಲಿ ಅದೇ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ದೊಡ್ಡತಾಯಮ್ಮನಿಗೆ ಒಂದು ಹನಿ ನೀರೂ ತಗಲಲಿಲ್ಲ.

ಹೊಣಕೆರೆ ಕಡೆಯ ಆ ಊರನ್ನು ಅಳೆಯಲು ಬಂದವನು ಭೂ-ಗಗನ ಸಮನ್ವಯ ಕಚೇರಿಯ ಸರ್ವೆಯರ್ ಶಂಕರ್. ಅವನ ಕೋಲಿನ ತುದಿಯ ಯಂತ್ರ ಉಪಗ್ರಹಗಳನ್ನು ಕೇಳಿ ಜಾಗ ಹೇಳುತ್ತಿತ್ತು, ಅದು ಹೇಳಿದ್ದೇ ನಕ್ಷೆಗೆ ಏರುತ್ತಿತ್ತು.

"ಯಾಕ್ಲಾ ಮಗ, ನನ್ ಕೊಟ್ಟಿಗೆ ಕೆರೆಗೆ ಹಾಕ್ಬುಟ್ಟೆ?"

"ನಾನಲ್ಲ ಕಣವ್ವ. ಮ್ಯಾಲೆ ಒಂದು ಉಪಗ್ರಹದ ಗಡಿಯಾರ ಕೆಟ್ಟೈತೆ. ಸೆಕೆಂಡ್ನ ಹತ್ತು ಲಕ್ಷ ಪಾಲು ಮಾಡಿ, ಅದ್ರಲ್ಲಿ ಒಂದು ಪಾಲು ಹೆಚ್ಚುಕಮ್ಮಿ ಆದ್ರೂ ಮುನ್ನೂರು ಮೀಟರು ಎಡವಟ್ಟು. ಅದರ ಮಾತು ಕೇಳ್ಬ್ಯಾಡಿ ಅಂತ ತಿದ್ದುಪಡಿ ಕೇಂದ್ರದೋರು ಆಗ್ಲಿಂದ ಸಂದೇಶ ಕಳಿಸ್ತಾವ್ರೆ."

"ಅಂಗಾದ್ರೆ ಕೇಳ್ಬ್ಯಾಡ ಬುಡು!"

"ಸಾಹೇಬ್ರು ಆರ್ಡರ್ ಮಾಡ್ದೆ ಬುಡಂಗಿಲ್ಲ. ಕೆರೆ ಒತ್ತುವರಿ ಅಂತ ಕೊಟ್ಟಿಗೆ ಕೆಡವ್ಬೇಕಾಯ್ತದೆ."

ದೊಡ್ಡತಾಯಮ್ಮ ಕಚೇರಿಗೆ ಓಡಿದಳು. ಅಧಿಕಾರಿ ಶ್ರೀನಿವಾಸಮೂರ್ತಿಯವರು ಸಜ್ಜನರು. ನೀರು ಕೊಡಿಸಿ ನಿಯಮ ವಿವರಿಸಿದರು. ತಿದ್ದುಪಡಿ ಸಂದೇಶದ ಆಯುಸ್ಸು ಹತ್ತು ಸೆಕೆಂಡು. ಅದು ಟಪಾಲಿನಲ್ಲಿ ದಾಖಲಾಗಿ ತಮ್ಮ ಮೇಜಿಗೆ ಬರಲು ಒಂಬತ್ತು ದಿನ. ಅವಧಿ ಮೀರಿದ ಸಂದೇಶದ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ. ಮೇಲಾಗಿ, ವಿಚಾರಣೆಯಿಲ್ಲದೆ ಉಪಗ್ರಹವೊಂದನ್ನು ಕೈಬಿಡುವುದು ಸಹಜ ನ್ಯಾಯಕ್ಕೆ ವಿರುದ್ಧ.

"ಮೊದಲು ಅದಕ್ಕೆ ನೋಟಿಸ್ ಕೊಡಬೇಕಮ್ಮ."

"ಅಷ್ಟರೊಳ್ಗೆ ಕೊಟ್ಟಿಗೆ ಕೆಡವಿದ್ರೆ ಹಸೂನ ಎಲ್ಲಿ ಕಟ್ಲಿ ಸ್ವಾಮಿ?" ಎಂದು ಅವಳು ಅತ್ತಳು. ಅಳುವನ್ನು ದಾಖಲಿಸುವ ಕಲಂ ಅರ್ಜಿಯಲ್ಲಿರಲಿಲ್ಲ.

ಉಪಗ್ರಹವು ಕೊನೆಯದಾಗಿ ಮಾತಾಡಿದ್ದು ಕೊಟ್ಟಿಗೆಯ ಬಳಿಯಾದ್ದರಿಂದ ನೋಟಿಸನ್ನು ಕೊಟ್ಟಿಗೆಯ ಗೋಡೆಗೇ ಅಂಟಿಸಲಾಯಿತು. ಐವರು ಪಂಚರು ಕತ್ತೆತ್ತಿ ಆಕಾಶ ನೋಡಿ, "ಸದರಿಯವರು ಕಂಡುಬರಲಿಲ್ಲ" ಎಂಬ ಮಹಜರಿಗೆ ಸಹಿ ಹಾಕಿದರು. ಏಳು ದಿನ ಕಾದರೂ ಉಪಗ್ರಹ ಹಾಜರಾಗಲಿಲ್ಲ. ತಪ್ಪು ಒಪ್ಪಿಕೊಳ್ಳದವರನ್ನು ತಪ್ಪಿತಸ್ಥರೆನ್ನುವುದು ಹೇಗೆ? ಅಳತೆ ಕಾಯಂ ಆಯಿತು. ಅಂಟಿಸಿದ ನೋಟಿಸನ್ನು ಹಸು ತಿಂದದ್ದಕ್ಕೆ ದೊಡ್ಡತಾಯಮ್ಮನಿಂದ ಪ್ರತ್ಯೇಕ ವಿವರಣೆ ಕೇಳಲಾಯಿತು.

ಆದರೆ ಆದೇಶದ ಕೊನೆಯಲ್ಲೊಂದು ಸಾಲಿತ್ತು: "ಕೆರೆಯಲ್ಲಿ ನೀರಿರುವಾಗ ಜೆಸಿಬಿ ಇಳಿಸತಕ್ಕದ್ದಲ್ಲ, ನೀರು ಇಳಿದ ನಂತರ ಕೆಡವತಕ್ಕದ್ದು." ಕಚೇರಿಯಲ್ಲಿ ಶಂಕರ್ ಅದನ್ನು ಅವಳಿಗೆ ಎರಡು ಸಲ ಓದಿ ಹೇಳಿದ. ದೊಡ್ಡತಾಯಮ್ಮ ಕಣ್ಣೊರೆಸಿಕೊಂಡು ಮನೆಗೆ ಬಂದಳು.

ಮುಂದಿನ ತಿಂಗಳು ಶ್ರೀನಿವಾಸಮೂರ್ತಿಯವರು ಜೆಸಿಬಿ ಸಮೇತ ಸ್ಥಳ ತನಿಖೆಗೆ ಬಂದರು. ಧೂಳೆದ್ದ ಅಂಗಳದ, ಅಂದರೆ ದಾಖಲೆಯ ಪ್ರಕಾರ ಕೆರೆಯ, ಅಂಚಿನಲ್ಲಿ ನಿಂತು ಕೇಳಿದರು: "ನೀರು ಎಷ್ಟಿದೆಯಮ್ಮ?"

"ಸೊಂಟದ ಮಟ್ಟ ಐತೆ ಸ್ವಾಮಿ. ಜಾರ್ತದೆ, ನಿಧಾನಕ್ಕೆ ಬನ್ನಿ," ಎನ್ನುತ್ತಾ ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡಳು.

ಊರಿನವರು ಪಂಚೆ ಮೇಲೆ ಕಟ್ಟಿದರು. ಜೆಸಿಬಿ ಹಿಂದಕ್ಕೆ ಹೋಯಿತು. ಸಾಹೇಬರು ಬೂಟು ಕಳಚಿ ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿ, ಶಂಕರನ ಹೆಗಲು ಹಿಡಿದುಕೊಂಡು ಅಂಗಳ ದಾಟಿದರು. ಕೊಟ್ಟಿಗೆ ತಲುಪಿದ ಮೇಲೆ ದೊಡ್ಡತಾಯಮ್ಮ ಅವರಿಗೆ ಕಾಲೊರೆಸಿಕೊಳ್ಳಲು ಟವೆಲು ಕೊಟ್ಟಳು.