ಹತ್ತರ ಡಬ್ಬಿ

ಮುಧೋಳದಾಗ ಚನಮಲ್ಲಪ್ಪನಂಥ ಆಪರೇಟರ್ ಹಿಂದ ಆಗಿಲ್ಲ, ಮುಂದ ಆಗಂಗಿಲ್ಲ. ಇದು ನನ್ನ ಮಾತಲ್ಲ, ಚನಮಲ್ಲಪ್ಪನ ಮಾತು. ಊರ ಟಾಕೀಸಿನಾಗ ಇಪ್ಪತ್ತೆರಡು ವರ್ಷದಿಂದ ಸಿನಿಮಾ ಮಷೀನು ಓಡಸ್ತಿದ್ದ ಅಂವ, ದಿನಾ ಮುಂಜಾನಿ ಚಹಾದ ಮುಂದ ಕುಂತು ಹೆಂಡತಿ ಅನಸವ್ವಗ ಇದನ್ನ ನೆನಪ ಮಾಡಿ ಕೊಡತಿದ್ದ.

"ದೇಶದಾಗಿನ ಆಪರೇಟರೆಲ್ಲಾ ರೀಲು ಕತ್ತರಸ್ತಾರ. ಒಬ್ಬ ಹಾಡು ನುಂಗತಾನ, ಒಬ್ಬ ಫೈಟಿಂಗ್ ನುಂಗತಾನ. ನಾ ಒಂದು ಗೇಣು ರೀಲು ನುಂಗಿದ್ದು ಯಾರರ ತೋರಸಲಿ ನೋಡೂಣು."

"ಚಹಾ ಆರಾಕತ್ತೈತಿ, ಮೊದಲ ಅದನ್ನ ನುಂಗ್ರಿ," ಅಂತಿದ್ಲು ಅನಸವ್ವ.

ಈ ಹೆಮ್ಮಿ ಹಿಂದ ಒಂದಿಷ್ಟು ಹೆದರಿಕಿನೂ ಇತ್ತು ಅನ್ರಿ. ಇವನಕಿಂತ ಮೊದಲಿದ್ದ ಆಪರೇಟರ್ ಲೋಕಾಪುರದಾಂವ. ಊರಿಗೆ ಹೋಗೂ ಕಡೀ ಬಸ್ಸು ತಪ್ಪತೈತಿ ಅಂತ ದಿನಾ ಒಂದು ಹಾಡು ಹಾರಸ್ತಿದ್ದ. ಅದು ಟಾಕೀಸಿನ ಮಾಲಕರಾದ ಅಪ್ಪಾಸಾಬರ ಕಿವಿಗೆ ಬಿತ್ತು. ಮರುದಿನದಿಂದ ಅಂವಗ ಕಡೀ ಬಸ್ಸಿನ ಚಿಂತಿನ ಇಲ್ಲದಂಗ ಮಾಡಿಬಿಟ್ರು, ಮುಂಜಾನಿ ಬಸ್ಸಿಗೇ ಕಳಸಿದ್ರು. ಚನಮಲ್ಲಪ್ಪನ್ನ ಕೆಲಸಕ್ಕ ತಗೋಳ್ಳು ಮುಂದ ಅವರು ಹೇಳಿದ್ದು ಒಂದ ಮಾತು: "ಹುಬ್ಬಳ್ಳಿಯಿಂದ ಎಷ್ಟು ರೀಲು ಬರತಾವೋ ಅಷ್ಟೂ ತೆರಿ ಮ್ಯಾಲ ಬರಬೇಕು. ಒಂದು ಕಮ್ಮಿ ಬಂತಂದ್ರ ನೀನೂ ಮನಿಗೆ."

ಹಿಂಗಿರುವಾಗ ಎರಡು ಸಾವಿರದ ಆರನೇ ಇಸವಿಯೊಳಗ ‘ಗಗನಮಾನವ ಭಾಗ ಎರಡು’ ಬಂತು.

ಅದರ ಮೊದಲನೇ ಭಾಗ ಎರಡು ವರ್ಷದ ಹಿಂದ ಬಂದು ಊರಿಗೆ ಊರ ಹುಚ್ಚ ಹಿಡಿಸಿ ಹೋಗಿತ್ತು. ಬೆನ್ನಿಗೆ ಕೆಂಪು ದುಪ್ಪಟಿ ಕಟಗೊಂಡು ಹಾರೂ ಹೀರೋ, ಬೀಳೂ ವಿಮಾನಾನ ಒಂದ ಕೈಲೆ ಹಿಡದು ಎತ್ತು ಇಳಸಿದಂಗ ಹೊಲದಾಗ ಇಳಸಿದ್ದ. ಮುಧೋಳದ ಎಷ್ಟೋ ಹುಡುಗರು ಅವ್ವನ ಸೀರಿ ಬೆನ್ನಿಗೆ ಕಟಗೊಂಡು ಮಾಳಗಿ ಮ್ಯಾಲಿಂದ ಹಾರಿ ಕಾಲ ಮುರಕೊಂಡಿದ್ರು. ಹಂಗ ಮೊದಲ ಹಾರಿದಾಂವ ದುರಗೇಶ. ಪಂಕ್ಚರ್ ಅಂಗಡಿ ಇಟ್ಟಿದ್ದ ಅಂವ ಈಗ ಗಗನಮಾನವ ಅಭಿಮಾನಿ ಬಳಗದ ಅಧ್ಯಕ್ಷ. ಮುರದ ಕಾಲೇ ಅವನ ಅರ್ಹತೆ.

ಶುಕ್ರವಾರ ಮುಂಜಾನಿ ಟಾಕೀಸಿನ ಮುಂದ ಮೂವತ್ತು ಫೂಟಿನ ಕಟೌಟ್ ನಿಂತಿತು. ಅಭಿಷೇಕಕ್ಕ ಎರಡು ಕೊಡ ಹಾಲು ತರ್‍ರಿ ಅಂತ ದುರಗೇಶ ಬಳಗದವರಿಗೆ ಹೇಳಿದ. ಮುಧೋಳದ ಕಡೆ ಹಾಲು ಅಂದ್ರ ಎರಡು ಥರಾ, ಎಮ್ಮಿ ಹಾಲು, ಕಬ್ಬಿನ ಹಾಲು. ಯಾವುದು ಪುಕ್ಕಟ ಸಿಕ್ಕತೋ ಅದನ್ನ ಅವರು ತಂದ್ರು. ದುರಗೇಶ ಭಕ್ತಿಯೊಳಗ ಕಣ್ಣ ಮುಚ್ಚಿ ನೆತ್ತಿ ಮ್ಯಾಲ ಸುರವಿದ. ಒಂದು ತಾಸಿನಾಗ ಊರಾಗಿನ ಇರಿವಿ ಎಲ್ಲಾ ಗಗನಮಾನವನ ಅಭಿಮಾನಿ ಆಗಿಬಿಟ್ಟವು.

ಆಟ ಸುರು ಆತು. ಇಂಟರ್ವಲ್ ಮಟ ಸೀಟಿನ ಮ್ಯಾಲ ಯಾರೂ ಕುಂದರಲಿಲ್ಲ, ಬರೇ ಸೀಟಿ. ಒಂಬತ್ತನೇ ರೀಲಿನ ಕಡೀಕ ಖಳನಾಯಕ ಅದೇನೋ ಹಸರ ಬೆಳಕು ಬಿಟ್ಟು ಹೊಡೀತಾನ, ಗಗನಮಾನವ ಗಿರಗಿರ ತಿರಗಿ ಡ್ಯಾಮಿನ ನೀರಾಗ ಬೀಳತಾನ. ಮುಂದ ಬಂತು ನೋಡ್ರಿ ಹತ್ತನೇ ರೀಲು. ಗಗನಮಾನವ ನೀರಿನಿಂದ ಎದ್ದ, ಒಂದು ಗುಡ್ಡ ಹತ್ತಿದ, ದುಪ್ಪಟಿ ಬಿಚ್ಚಿ ಮಡಚಿ ಬಾಜೂಕ ಇಟ್ಟ, ಮೊಣಕಾಲ ಮ್ಯಾಲ ಗದ್ದ ಇಟಗೊಂಡು ಕುಂತ. ಕುಂತಾಂವ ಹತ್ತು ನಿಮಿಷ ಏಳಲಿಲ್ಲ.

"ನಾನು ಯಾರು?" ಅಂತ ಕೇಳಿದ. ಗಾಳಿ ಬೀಸಿತು. "ನಾನು ಯಾಕೆ ಹಾರಬೇಕು?" ಅಂತ ಕೇಳಿದ.

"ನಾವು ಟಿಕೀಟ್ ತಗದೇವಲೇ, ಅದಕ್ಕ ಹಾರು," ಅಂತ ಮುಂದಿನ ಸಾಲಿನವರು ತಿಳಿಸಿ ಹೇಳಿದ್ರು. ಅಂವ ಕೇಳಲಿಲ್ಲ, ಅತ್ತ. ಅತ್ತು ಮುಗದ ಮ್ಯಾಲ ದುಪ್ಪಟಿ ಕಟಗೊಂಡು, ಬಂದ ದಾರಿಲೇ ಇಳದು ಹೋಗಿ, ಮತ್ತ ಅದ ಡ್ಯಾಮಿನ ನೀರಾಗ ಮುಳಗಿದ. ಅವನ ದುಃಖ ತಾಳಲಾರದ ರೀಲೂ ಅಲ್ಲೇ ಹರೀತು. ಚನಮಲ್ಲಪ್ಪ ಹೆಂಗೋ ತೇಪಿ ಹಚ್ಚಿ ಓಡಿಸಿದ. ಹನ್ನೊಂದನೇ ರೀಲಿನಾಗ ಹೀರೋ ನೀರು ಸೀಳಿ ಹಾರಿ ಬರೂ ಹೊತ್ತಿಗೆ ಅರ್ಧ ಮಂದಿ ಶೇಂಗಾ ತಿಂದು ಕೈ ಝಾಡಿಸಿ ಎದ್ದಿದ್ರು.

ಹೊರಗ ಬಂದವರದು ಒಬ್ಬೊಬ್ಬರದೊಂದು ಮಾತು.

"ಮೊದಲನೇ ಭಾಗದಾಗ ವಿಮಾನ ತಡದಿದ್ದ. ಈಗ ಕಣ್ಣಾಗಿನ ನೀರು ತಡಿಯಾಕ ಆಗಲಿಲ್ಲ ಮಗಾಗ."

"ಹಾರೋದು ಛಲೋ ಹಾರ್‍ಯಾನಪ. ಕುಂದ್ರಾಕ ಬರಂಗಿಲ್ಲ."

"ನಿದ್ದಿ ಭಾಳ ಛಲೋ ಆತು," ಅಂದ ಒಬ್ಬ ಮುದುಕ.

ದುರಗೇಶ ಮಾತ್ರ ಒಪ್ಪಲಿಲ್ಲ. "ಹೀರೋ ಅಳೂದು ನಾ ಎಲ್ಲೂ ನೋಡಿಲ್ಲ," ಅಂದ. ಎಲ್ಲಿಂದ ನೋಡತಾನ? ಹತ್ತನೇ ರೀಲು ಓಡುವಾಗ ಅಂವ ಹೊರಗ ನಿಚ್ಚಣಿಕಿ ಹತ್ತಿ ಕಟೌಟಿನ ಮಾರಿ ಮ್ಯಾಗಿನ ಇರಿವಿ ಕೊಡವಾಕತ್ತಿದ್ದ.

ಮರುದಿನ ಶನಿವಾರ. ಹರದ ರೀಲು ನೀಟ ಮಾಡಬೇಕಂದ್ರ ಟಾಕೀಸಿನಾಗ ಮುಂಜಾನಿ ಕರೆಂಟ್ ಇಲ್ಲ. ಚನಮಲ್ಲಪ್ಪ ಹತ್ತನೇ ರೀಲು ಮನಿಗೇ ತಂದು, ಕಿಡಕಿ ಬೆಳಕಿಗೆ ಕುಂತು ಅಂಟಸಿದ. ಅಂಟು ಒಣಗಲಿ ಅಂತ ರೀಲು ಗೂಡಿನಾಗ ಇಟ್ಟು, ಡಬ್ಬಿ ಬಾಜೂಕ ಇಟ್ಟು, ಜಳಕಕ್ಕ ಹೋದ. ಹೊತ್ತ ಆಗಿತ್ತು. ಬಚ್ಚಲದಾಗಿಂದ ಕೂಗಿ ಹೇಳಿದ: "ಏ, ಹತ್ತರ ಡಬ್ಬಿ ತುಂಬಿ ಇಡ."

ಇಲ್ಲಿ ಒಂದು ಮಾತು ಹೇಳಬೇಕು. ಚನಮಲ್ಲಪ್ಪನ ಮನಿಯೊಳಗ ಹಳೇ ರೀಲಿನ ಡಬ್ಬಿಗೇನೂ ಬರ ಇರಲಿಲ್ಲ. ಗುಂಡಗ, ಅಗಲಕ, ಗಟ್ಟಿ ಮುಚ್ಚಳದ್ದು. ಕಡಕ ರೊಟ್ಟಿ ಇಡಾಕ ಅಂಥಾ ಡಬ್ಬಿ ಇನ್ನೊಂದಿಲ್ಲ, ಒಂದು ರೊಟ್ಟಿ ಮುರಿಯಂಗಿಲ್ಲ. ಅಂವ ಮಧ್ಯಾಹ್ನದ ಬುತ್ತಿ ಒಯ್ಯೂದೂ ಅಂಥಾದರಾಗ. ಜಳಕ ಮುಗಿಸಿ ಬರೂದರಾಗ ಅನಸವ್ವ ಬಾಗಲದಾಗ ನಿಂತು ಡಬ್ಬಿ ಕೈಗೆ ಕೊಟ್ಲು. ಮ್ಯಾಲ ದೊಡ್ಡದಾಗಿ ‘೧೦’ ಅಂತ ಬರದಿತ್ತು. ಅಂವ ಸೈಕಲ್ ಹತ್ತಿ ಹೊಂಟ.

ಟಾಕೀಸಿನಾಗ ಮಷೀನು ಎರಡು. ಒಂದರಾಗ ರೀಲು ಓಡೂ ಹೊತ್ತಿನಾಗ ಇನ್ನೊಂದಕ್ಕ ಮುಂದಿನ ರೀಲು ಏರಿಸಬೇಕು. ಒಂಬತ್ತನೇದು ಓಡಾಕತ್ತಿತ್ತು. ಚನಮಲ್ಲಪ್ಪ ಹತ್ತರ ಡಬ್ಬಿ ಮುಚ್ಚಳ ತಗದ. ಒಳಗ ಜ್ವಾಳದ ರೊಟ್ಟಿ. ಮ್ಯಾಲ ಶೇಂಗಾ ಚಟ್ನಿ ಪೊಟ್ಟಣ, ಒಂದು ಉಳ್ಳಾಗಡ್ಡಿ. ಮುಚ್ಚಳ ಮುಚ್ಚಿ ಮತ್ತೊಮ್ಮೆ ತಗದ. ರೊಟ್ಟಿ ರೊಟ್ಟಿನ ಆಗಿದ್ದವು.

ಅತ್ತ ಗಗನಮಾನವ ಗಿರಗಿರ ತಿರಗಾಕ ಹತ್ತಿದ್ದ. ಇನ್ನ ಅರ್ಧ ನಿಮಿಷಕ್ಕ ನೀರಿಗೆ ಬೀಳತಾನ. ಬಿದ್ದ ಮ್ಯಾಲ ತೆರಿ ಬಿಳೀದಾತಂದ್ರ ಮಾಲಕರು ಮ್ಯಾಲ ಬರತಾರ, ಬಂದು ಡಬ್ಬಿ ನೋಡತಾರ. ಇಪ್ಪತ್ತೆರಡು ವರ್ಷದ ಮಾನ, ಅದರ ಕೂಡ ನೌಕರಿ, ಎರಡೂ ಆ ಉಳ್ಳಾಗಡ್ಡಿ ಬಾಜೂಕ ಕುಂತಿದ್ದವು. ಕೈಗೆ ಸಿಕ್ಕ ಹನ್ನೊಂದನೇ ರೀಲು ಏರಿಸಿ, ಕಣ್ಣ ಮುಚ್ಚಿ ಮಷೀನು ಬಿಟ್ಟ.

ಗಗನಮಾನವ ನೀರಾಗ ಬಿದ್ದ, ಬಿದ್ದ ಗಳಿಗ್ಗೇ ನೀರು ಸೀಳಿ ಮ್ಯಾಲ ಹಾರಿದ. ಟಾಕೀಸು ಹಾರಿ ಬೀಳೂದೊಂದು ಬಾಕಿ. ಸೀಟಿ, ಚಪ್ಪಾಳಿ, ಚಿಲ್ಲರ ರೊಕ್ಕ ತೂರೂದು. ಆಟ ಮುಗಿದ ಮ್ಯಾಲ ಅಪ್ಪಾಸಾಬರು ಮ್ಯಾಲ ಬಂದೇ ಬಂದ್ರು, ಆದ್ರ ಬೆನ್ನ ಚಪ್ಪರಸಾಕ.

"ಏನ ಮಾಡಿದ್ಯೋ ಚನಮಲ್ಲಪ್ಪ? ನಿನ್ನೆ ಬೈಕೋತ ಹೋದ ಮಂದಿ ಇವತ್ತ ಕುಣಕೋತ ಹೊಂಟಾರ."

"ಏನಿಲ್ರಿ ಮಾಲಕರ," ಅಂದ ಚನಮಲ್ಲಪ್ಪ, ಡಬ್ಬಿ ಮ್ಯಾಲ ಅಂಗಿ ಹಾಕಿ. "ಬೆಳಕು ಒಂದೀಟು ತಿದ್ದೇನಿ."

ಮನಿಗೆ ಬಂದು ಹೆಂಡತಿ ಮ್ಯಾಲ ಹರಿಹಾಯ್ದ. "ಹತ್ತರ ಡಬ್ಬಿ ತುಂಬು ಅಂದ್ರ ಏನ ತುಂಬಿದಿ?"

"ಹತ್ತು ರೊಟ್ಟಿ," ಅಂದ್ಲು ಅನಸವ್ವ. "ಎಣಿಸಿ ಹಾಕೀನಲ್ರಿ. ಕಮ್ಮಿ ಬಿದ್ದವೇನು?"

ಇಂಥಾ ಉತ್ತರಕ್ಕ ಏನಂತ ಬೈಯೂದು? ಬೈಲಿಲ್ಲ. ಆದ್ರ ಸಂಜೀ ಆಟಕ್ಕ ರೀಲನ್ನೂ ಒಯ್ಯಲಿಲ್ಲ. ಒಯ್ದು ಹಾಕಿದ್ರ ಮಾಲಕರು, "ಮಧ್ಯಾಹ್ನ ಇಲ್ಲದ ಗುಡ್ಡ ಸಂಜೀಕ ಎಲ್ಲಿಂದ ಬಂತು?" ಅಂತ ಕೇಳತಾರ. ಒಮ್ಮೆ ತಪ್ಪಿದಾಂವ ಎರಡನೇ ಸಲ ಸುಮ್ಮನಿದ್ದ. ಮೂರನೇ ಸಲಕ್ಕ ಅದು ತಪ್ಪು ಅನಸಲಿಲ್ಲ. ಸೋಮವಾರ ಬರೂದರಾಗ, ಇದು ತನ್ನ ಕೈಗುಣ ಅಂತ ಅವನಿಗೇ ಅನಸಾಕ ಹತ್ತಿತ್ತು.

ಊರಾಗ ಜಗಳ ಹತ್ತಿತು. ಶುಕ್ರವಾರ ನೋಡಿದವರು ಗುಡ್ಡ ಐತಿ ಅಂತಾರ, ಶನಿವಾರ ನೋಡಿದವರು ಇಲ್ಲ ಅಂತಾರ. ದುರಗೇಶ ಎರಡೂ ದಿನ ನೋಡಿದಾಂವ, ಅವನ ಸಾಕ್ಷಿಗೆ ಎದುರಿಲ್ಲ. "ಅಣ್ಣಾರ, ನೀವು ಇಂಟರ್ವಲ್‌ದಾಗ ಮಿರ್ಚಿ ತಿಂದು ಮಕ್ಕೊಂಡೀರಿ. ಗುಡ್ಡ ನಿಮ್ಮ ಕನಸಿನಾಗ ಬಂದೈತಿ," ಅಂತ ಎಲ್ಲಾರಿಗೂ ತಿಳಿಸಿ ಹೇಳಿದ. ಜಮಖಂಡಿ, ಬನಹಟ್ಟಿ ಅಭಿಮಾನಿಗಳು, "ನಮ್ಮೂರಾಗೂ ಅಂವ ಗುಡ್ಡದ ಮ್ಯಾಲ ಕುಂತು ಅಳತಾನ," ಅಂದ್ರ, "ನಿಮ್ಮೂರಿಗೆ ಬಂದು ಅತ್ತಾನ, ಅದಕ್ಕ ನಾವೇನ ಮಾಡೂಣು?" ಅಂತಿದ್ದ. ಅವರೆಲ್ಲಾ ಟೆಂಪೋ ಮಾಡಕೊಂಡು ಮುಧೋಳಕ್ಕ ಬಂದು ನೋಡಿದ್ರು. ಗುಡ್ಡ ಇರಲಿಲ್ಲ. ಸಿನಿಮಾ ಛಲೋ ಇತ್ತು.

ಎಲ್ಲಾ ಊರಾಗ ಟಾಕೀಸು ಖಾಲಿ, ಮುಧೋಳದಾಗ ತುಂಬಿ ತುಳಕತೈತಿ ಅಂದ್ರ ಏನಿದು? ನೋಡಾಕಂತ ಸಿನಿಮಾ ಹಂಚೂ ಕಂಪನಿ ಸಾಹೇಬರೊಬ್ಬರು ಬುಧವಾರ ಹುಬ್ಬಳ್ಳಿಯಿಂದ ಬರತಾರ ಅಂತ ಸುದ್ದಿ ಬಂತು.

"ಹದಿನಾಲ್ಕು ರೀಲೂ ಎಣಿಸಿ ತೋರಸು," ಅಂದ್ರು ಅಪ್ಪಾಸಾಬರು. "ನಮ್ಮ ಟಾಕೀಸಿನ ಹೆಸರಿನ ಪ್ರಶ್ನೆ ಐತಿ."

ಚನಮಲ್ಲಪ್ಪಗ ಅನ್ನ ಸೇರಲಿಲ್ಲ. ಹಾಕಿದ್ರ ಮಂದಿ ಬಿಡಂಗಿಲ್ಲ, ಬಿಟ್ರ ಮಾಲಕರು ಬಿಡಂಗಿಲ್ಲ. ಕಡೀಕ, ಸುಳ್ಳು ಸಾಕು, ಇದ್ದದ್ದು ಇದ್ದಂಗ ತೋರಿಸಿಬಿಡೂಣು ಅಂತ, ಬುಧವಾರ ಸಾಹೇಬರು ಬಂದು ಕುಂತ ಆಟಕ್ಕ ಹತ್ತನೇ ರೀಲು ಒಯ್ದು ಏರಿಸಿದ.

ಗಗನಮಾನವ ನೀರಾಗ ಬಿದ್ದ. ಮಂದಿ ಸೀಟಿ ಹಾಕಾಕ ಬಾಯಾಗ ಬೆರಳು ಇಟ್ಟು ಕುಂತ್ರು. ಅಂವ ಹಾರಲಿಲ್ಲ. ಗುಡ್ಡ ಹತ್ತಿದ, ದುಪ್ಪಟಿ ಮಡಚಿದ, ಕುಂತ. ಬೆರಳು ಬಾಯಾಗ ಉಳದವು.

"ನಾನು ಯಾರು?" ಅಂತ ಕೇಳಿದ.

ಎರಡು ನಿಮಿಷದಾಗ ದುರಗೇಶ ಆಪರೇಟರ್ ಖೋಲಿ ಬಾಗಲದಾಗ ನಿಂತಿದ್ದ. ಆರನೇ ಸಲ ನೋಡಾಕತ್ತಿದ್ದ ಅಂವ. "ಕಾಕಾ, ಇದು ಯಾವ ಸಿನಿಮಾದ ರೀಲು? ನಮ್ಮ ಹೀರೋನ ಸಿನಿಮಾದಾಗ ಇದನ್ನ ಯಾಕ ಸೇರಿಸಿದಿ?"

ಚನಮಲ್ಲಪ್ಪಗ ಸಿಟ್ಟು ಬಂತು. ಇಪ್ಪತ್ತೆರಡು ವರ್ಷ ಒಂದು ಗೇಣು ಕತ್ತರಿಸದಾಂವ ಅನಿಸಿಕೊಂಡಾಂವಗ ಈಗ ಸೇರಿಸಿದಾಂವ ಅನ್ನೂ ಹೆಸರು. "ನಾ ಸೇರಿಸಿಲ್ಲೋ ಮಾರಾಯಾ. ಇದು ಮೊದಲಿನಿಂದನೂ ಐತಿ. ಶನಿವಾರದಿಂದ ನಾನ ಇದನ್ನ ತೋರಿಸಿರಲಿಲ್ಲ."

ಅಂದ ಮ್ಯಾಲ ನೋಡತಾನ, ದುರಗೇಶನ ಹಿಂದ ಅಪ್ಪಾಸಾಬರು, ಅಪ್ಪಾಸಾಬರ ಹಿಂದ ಹುಬ್ಬಳ್ಳಿ ಸಾಹೇಬರು.

"ಅಂದ್ರ, ಅಂವ ಖರೇನ ಅಳತಾನೇನು ಕಾಕಾ?" ಅಂತ ದುರಗೇಶ ಸಣ್ಣ ದನಿಲೆ ಕೇಳಿದ. ಪಾಪ, ಆ ಹೀರೋನ ಸಲುವಾಗಿ ನಾಲ್ಕು ಊರಿನವರ ಕೂಡ ಬಡದಾಡಿದ್ದ.

ಅಪ್ಪಾಸಾಬರು ಬಾಯಿ ತಗದು ಏನೋ ಅನ್ನಾಕ ಹೋದ್ರು, ಅಷ್ಟರಾಗ ಹುಬ್ಬಳ್ಳಿ ಸಾಹೇಬರು ಕೇಳಿದ್ರು: "ಈ ಒಂದ ರೀಲು ತಗದದ್ದಕ್ಕ ಇಷ್ಟು ಮಂದಿ ಬಂದ್ರೇನು?"

"ಹೌದ್ರಿ," ಅಂದ ಚನಮಲ್ಲಪ್ಪ, ತಲಿ ತಗ್ಗಿಸಿ.

"ಹಂಗಾರ ಎಲ್ಲಾ ಊರಾಗೂ ತಗಸೂಣು. ಸಿನಿಮಾ ಮಾಡಿದವರಿಗೆ ತಿಳೀಲಿಲ್ಲ, ನಿಮಗ ಹೆಂಗ ತಿಳೀತು?"

ಅಪ್ಪಾಸಾಬರು ತಗದ ಬಾಯಿಲೇನ ಮಾತು ಹೊಳ್ಳಿಸಿದ್ರು. "ಇಪ್ಪತ್ತೆರಡು ವರ್ಷದ ಅನುಭವ ಐತ್ರಿ ಸಾಹೇಬರ ನಮ್ಮ ಚನಮಲ್ಲಪ್ಪಗ. ನಾವ ಬೆಳಸಿದ್ದು," ಅಂದ್ರು.

ನೌಕರಿ ಉಳೀತು. ಅಷ್ಟಕ್ಕ ಸುಮ್ಮನಾಗಿದ್ರ ಚನಮಲ್ಲಪ್ಪ ಚನಮಲ್ಲಪ್ಪ ಹೆಂಗ ಆಗತಾನ? ಸಾಹೇಬರು ಹೊಚ್ಚಿದ ಶಾಲು ಹೆಗಲ ಮ್ಯಾಲ ಹಾಕ್ಕೊಂಡ ಮನಿಗೆ ಬಂದ. ಅನಸವ್ವ ರೊಟ್ಟಿ ಬಡಿಯಾಕತ್ತಿದ್ಲು. ಒಲಿ ಮುಂದ ಮಣಿ ಹಾಕ್ಕೊಂಡು ಕುಂತು, ಎಲ್ಲಾ ಕಥಿ ಹೇಳಿ, ಕಡೀಕ ಅಂದ: "ಬೆಂಗಳೂರಿನ ದೊಡ್ಡ ದೊಡ್ಡ ಮಂದಿಗೆ ಹೊಳೀಲಿಲ್ಲ ನೋಡು. ನಿನ್ನ ಕೈತಪ್ಪಿನಿಂದ ಸುರು ಆತು ಖರೆ, ಆದ್ರ ಬುದ್ಧಿ ನನ್ನದು. ಸಿನಿಮಾ ಅಂದ್ರ ಏನಂತ ಒಳಗ ತಿಳೀಬೇಕು."

"ಯಾರ ಕೈ ತಪ್ಪಿತ್ರಿ?" ಅಂದ್ಲು ಅನಸವ್ವ, ರೊಟ್ಟಿ ಹೊಳ್ಳಿಸಿ ಹಾಕಿ. "ರೀಲು ಯಾವುದು, ರೊಟ್ಟಿ ಯಾವುದು ಅಂತ ಗೊತ್ತಾಗದಷ್ಟು ಕುರುಡಿ ಆಗಿಲ್ಲ ನಾನು. ಶುಕ್ರವಾರ ಮೊದಲನೇ ಆಟಕ್ಕ ಹೆಣಮಕ್ಕಳ ಸಾಲಿನಾಗ ಕುಂತಿದ್ದೆ. ಆ ಗುಡ್ಡದ ಮ್ಯಾಲ ಅಂವ ಕುಂತಾಗ ಬಾಜೂದಾಕಿ ಕೂಸು ಸೈತ ಆಕಳಿಸಿತು. ಅಂವ ನೀರಾಗ ಬಿದ್ದು ಹಂಗ ಏಳಬೇಕಾಗಿತ್ತು ಅಂತ ನನಗ ಅಲ್ಲೇ ಅನಿಸಿತು. ಮರುದಿನ ನೀವ ರೀಲು ಮನಿಗೆ ತಂದ್ರಿ, ಡಬ್ಬಿ ತುಂಬು ಅಂದ್ರಿ. ತುಂಬಿದೆ."

ಚನಮಲ್ಲಪ್ಪನ ಹೆಗಲ ಮ್ಯಾಲಿನ ಶಾಲು ತಾನ ಜಾರಿತು.

"ಹಂಗಿದ್ರ ಅವತ್ತ ಯಾಕ ಹೇಳಲಿಲ್ಲ ನೀ?"

"ನೀವು ಕೇಳಿದ್ರ ಅಲ್ಲೇನು ಹೇಳೂದು? ಇಪ್ಪತ್ತೆರಡು ವರ್ಷ ಪಾಸಿನ ಮ್ಯಾಲ ಎಲ್ಲಾ ಸಿನಿಮಾ ನೋಡೇನಿ. ಊರ ಮಂದಿಗೆಲ್ಲಾ ಹೆಂಗಿತ್ತು ಹೆಂಗಿತ್ತು ಅಂತ ಕೇಳತೀರಿ. ನನಗ ಒಂದು ದಿನಾ ಕೇಳಿಲ್ಲ."

ಆಕಿ ಸಿಟ್ಟಿನಾಗ ಅಂದಿರಲಿಲ್ಲ. ಅದಕ್ಕ ಅದು ಇನ್ನಷ್ಟು ನಟ್ಟಿತು. ಚನಮಲ್ಲಪ್ಪ ಶಾಲು ತಗದು ಮಡಚಿ ಬಾಜೂಕ ಇಟ್ಟ, ಮೊಣಕಾಲ ಮ್ಯಾಲ ಗದ್ದ ಇಟಗೊಂಡು ಭಾಳ ಹೊತ್ತು ಕುಂತ. ಕಡೀಕ ಸಣ್ಣಗ ಕೇಳಿದ: "ಹಂಗಾರ ಈಗರ ಹೇಳು. ಹೆಂಗೈತಿ ಸಿನಿಮಾ?"

ಅನಸವ್ವ ಹಂಚಿನ ಮ್ಯಾಗಿನ ರೊಟ್ಟಿ ತಗದು ಅವನ ತಾಟಿಗೆ ಹಾಕಿದ್ಲು.

"ಹತ್ತನೇದು ಹೋತಲ್ಲ, ಈಗ ಅಡ್ಡಿಯಿಲ್ಲ. ಹನ್ನೆರಡನೇದರಾಗ ಒಂದು ಉದ್ದನ್ನ ಹಾಡು ಐತಿ, ಅದನ್ನ ನಾಳೆ ರಿಪೇರಿಗೆ ತಗೊಂಡ ಬರ್‍ರಿ. ನಾ ಹನ್ನೆರಡು ರೊಟ್ಟಿ ಬಡದ ಇಟ್ಟಿರತೇನಿ."