ಮಾಮನ ಶೂ ಕಾಯುವ ಕೆಲಸ

ನನ್ನ ಸೋದರಮಾವ ಆಸ್ಟ್ರೇಲಿಯಾದ ಅರ್ಧ ಭಾಗವನ್ನು ಬರೀ ಸಾಕ್ಸ್‌ನಲ್ಲಿ ನೋಡಿದ್ದಾನೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಸ್ವಲ್ಪ ಹೆಚ್ಚಿಗೆ ಹೇಳಿದೆ. ಆದರೆ ದೊಡ್ಡ ಬಾಗಿಲು, ಎತ್ತರದ ಚಾವಣಿ, ಒಳಗೆ ಮೆಲ್ಲಗೆ ಮಾತಾಡುವ ಜನ, ಇಷ್ಟು ಕಂಡರೆ ಸಾಕು, ಮಾಮ ಶೂ ಬಿಚ್ಚುತ್ತಾನೆ ಎಂಬುದು ನಿಜ. ನನ್ನನ್ನು ಮೆಲ್ಬರ್ನ್‌ನಲ್ಲಿ ಓದಲು ಬಿಟ್ಟು ಹೋಗಲೆಂದು ಸಿಡ್ನಿಯಿಂದ ಬಂದವನು ಅಲ್ಲಿನ ದೊಡ್ಡ ಲೈಬ್ರರಿಯ ಬಾಗಿಲಲ್ಲೇ ಬಿಚ್ಚಿದ. "ವಿದ್ಯೆ ಇರೋ ಜಾಗ ಕಣೇ!" ಎಂದ. ಸಿಡ್ನಿಯ ರೌಸ್ ಹಿಲ್‌ನಲ್ಲಿ ಮನೆ ಕೊಳ್ಳಲು ಮಾರ್ಟ್‌ಗೇಜ್ ಸಾಲ ಕೇಳಲು ಹೋದಾಗ ಬ್ಯಾಂಕ್ ಮ್ಯಾನೇಜರ್ ಕೋಣೆಯ ಹೊರಗೂ ಬಿಚ್ಚಿದ್ದನಂತೆ. ಮ್ಯಾನೇಜರ್ ಅವನ ಸಾಕ್ಸ್‌ನ ತೂತು ನೋಡಿ ಸಂಬಳದ ಬಗ್ಗೆ ಇನ್ನೊಂದೆರಡು ಪ್ರಶ್ನೆ ಹೆಚ್ಚಿಗೆ ಕೇಳಿದರು ಎಂದು ಅತ್ತೆ ಈಗಲೂ ಹೇಳುತ್ತಾಳೆ.

ಬಿಚ್ಚಿದರಷ್ಟೇ ಸಾಲದು. ನಮ್ಮ ದೇವಸ್ಥಾನಗಳಲ್ಲಿ ಮನೆಯವರಲ್ಲೊಬ್ಬರು ಹೊರಗೆ ಕೂತು ಎಲ್ಲರ ಚಪ್ಪಲಿ ಕಾಯುತ್ತಾರಲ್ಲ, ಹಾಗೆ ಅವನ ಶೂಗೂ ಒಬ್ಬರು ಕಾವಲಿರಬೇಕು. ಅತ್ತೆ ಅವನ ಜೊತೆ ಊರು ಸುತ್ತುವುದನ್ನು ಬಿಟ್ಟಿದ್ದು ಸುಮ್ಮನೆಯೇ?

ಇಂಥ ಮಾಮ ಸ್ಪೇನ್‌ಗೆ ಬಂದ. ಪ್ರವಾಸಕ್ಕಲ್ಲ, ನನ್ನನ್ನು ವಾಪಸ್ ಕರೆದೊಯ್ಯಲು.

ಒಂದು ಸೆಮಿಸ್ಟರ್ ಓದಲು ನಾನು ಮ್ಯಾಡ್ರಿಡ್‌ಗೆ ಹೋಗಿದ್ದೆ. ಒಂದು ಸಂಜೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಯಾರೋ ಹಿಂದಿನಿಂದ ತಳ್ಳಿ, ಬ್ಯಾಗ್ ಕಿತ್ತುಕೊಂಡು ಓಡಿದರು. ಮಂಡಿ ತರಚಿತು. ಬೇರೇನೂ ಆಗಿಲ್ಲ ಎಂದು ಎಲ್ಲರಿಗೂ ಹೇಳಿದೆ. ಆದರೆ ಅಂದಿನಿಂದ ನಾನು ಒಬ್ಬಳೇ ಬೀದಿಗೆ ಇಳಿಯಲಿಲ್ಲ. ತರಗತಿಗೂ ಗೆಳತಿ ಬಂದು ಕರೆದುಕೊಂಡು ಹೋಗಬೇಕಿತ್ತು. ಹಿಂದೆ ಹೆಜ್ಜೆ ಸದ್ದು ಕೇಳಿದರೆ ಗೋಡೆಗೆ ಒರಗಿ ನಿಂತು, ಅವರು ಮುಂದೆ ಹೋದ ಮೇಲೆ ನಡೆಯುತ್ತಿದ್ದೆ. ಸಿಡ್ನಿಯ ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಮ್ಮನಿಗೆ ಫೋನಿನಲ್ಲಿ ನನ್ನ ದನಿ ಕೇಳಿಯೇ ಎಲ್ಲ ತಿಳಿಯಿತು. "ಓದಿದ್ದು ಸಾಕು, ಬಂದ್ಬಿಡು" ಎಂದಳು. ನನಗೆ ಉಳಿಯುವ ಆಸೆಯಿತ್ತು, ಹಾಗೆನ್ನುವ ಧೈರ್ಯವಿರಲಿಲ್ಲ. ಅಮ್ಮನಿಗೆ ರಜೆ ಸಿಗಲಿಲ್ಲ, ತನ್ನ ತಮ್ಮನನ್ನು ಕಳಿಸಿದಳು.

"ನನ್ ಟಿಕೆಟ್ ಸೋಮವಾರಕ್ಕಿದೆ. ನಿಂದೂ ಅದೇ ವಿಮಾನಕ್ಕೆ ಭಾನುವಾರ ರಾತ್ರಿ ಬುಕ್ ಮಾಡೋಣ" ಎಂದ ಮಾಮ. "ಅಷ್ಟರೊಳಗೆ ಎರಡು ಹಳೇ ಊರು ನೋಡ್ಬಿಡೋಣ. ಇಷ್ಟು ದೂರ ಬಂದು ಬರೀ ನಿನ್ ಮುಖ ನೋಡ್ಕೊಂಡು ಹೋಗಕ್ಕಾಗತ್ತಾ?"

ಶನಿವಾರ ಟೊಲೆಡೊ. ಸುತ್ತ ನದಿ, ನಡುವೆ ಗುಡ್ಡ, ಗುಡ್ಡದ ತುಂಬ ಇಬ್ಬರು ಜೊತೆಯಾಗಿ ನಡೆಯಲಾಗದ ಓಣಿಗಳು. ನಾನು ಮಾಮನ ತೋಳು ಹಿಡಿದೇ ಹತ್ತಿದೆ. ಕೆಥೆಡ್ರಲ್‌ನ ಬಾಗಿಲು ಕಂಡದ್ದೇ ತಡ, ಮಾಮ ಮೆಟ್ಟಿಲ ಮೇಲೆ ಕೂತು ಲೇಸ್ ಬಿಚ್ಚತೊಡಗಿದ.

"ಮಾಮ, ಇಲ್ಲಿ ಯಾರೂ ಶೂ ಬಿಚ್ಚಲ್ಲ. ನೋಡು!"

"ಅವರಿಗೆ ಯಾರೂ ಹೇಳ್ಕೊಟ್ಟಿಲ್ಲ, ಪಾಪ. ನೀನು ಇಲ್ಲೇ ಕೂತಿರು. ಆಮೇಲೆ ನೀನು ಹೋಗುವಂತೆ."

"ನಾನೊಬ್ಳೇನಾ?"

"ಒಬ್ಳೇ ಯಾಕೆ? ಎರಡು ಶೂ ಇಲ್ವಾ ಜೊತೆಗೆ!"

ಹೋಗಿಯೇಬಿಟ್ಟ. ನಾನು ಶೂಗಳನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತೆ. ಅವುಗಳ ವಾಸನೆಗೆ ಕಳ್ಳನಾದವನು ಹತ್ತಿರ ಸುಳಿಯಲಾರ ಎಂದು ಬುದ್ಧಿ ಹೇಳುತ್ತಿತ್ತು, ಕೈ ಮಾತ್ರ ಲೇಸ್‌ಗಳನ್ನು ಬಿಗಿಹಿಡಿದೇ ಇತ್ತು. ಹಾದುಹೋಗುವ ಒಂದೊಂದು ಕಾಲನ್ನೂ ನೋಡಿದೆ. ಬಿಳಿ ಕ್ಯಾನ್ವಾಸ್ ಶೂ, ಹಿಮ್ಮಡಿ ಎತ್ತರದ ಕೆಂಪು ಚಪ್ಪಲಿ, ಒಂದು ನಾಯಿ. ಯಾರೂ ನನ್ನನ್ನು ಮುಟ್ಟಲಿಲ್ಲ. ಒಬ್ಬ ಅಜ್ಜ ಮಾತ್ರ ನಿಂತು, ನನ್ನನ್ನೂ ಶೂಗಳನ್ನೂ ಕನಿಕರದಿಂದ ನೋಡಿ, ಎಡಗಾಲಿನ ಶೂ ಒಳಗೆ ಒಂದು ನಾಣ್ಯ ಹಾಕಿ ಹೋದ!

ಹೊರಬಂದ ಮಾಮ ಶೂ ಕೊಡವಿ ನಾಣ್ಯ ನೋಡಿದ. "ಪರವಾಗಿಲ್ವೇ! ಡಿಗ್ರಿ ಮುಗಿಯೋಕ್ ಮುಂಚೇನೇ ಕೆಲಸ ಸಿಕ್ತು!" ಎಂದ. ನಾನು ನಕ್ಕೆ. ನಗು ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

ಭಾನುವಾರ ಸೆಗೋವಿಯಾ. ಊರ ನಡುವೆ ಹಾದುಹೋಗುವ ಕಲ್ಲಿನ ಮೇಲುಗಾಲುವೆಯನ್ನು ಮಾಮ ತಟ್ಟಿ ನೋಡಿ, "ನಮ್ ಹಂಪೀಲೂ ಇಂಥದ್ದಿದೆ, ಇಷ್ಟುದ್ದ ಇಲ್ಲ ಅಷ್ಟೆ" ಎಂದು ಪಾಸು ಮಾಡಿದ. ಚಾವಣಿಯಿಲ್ಲದ್ದರಿಂದ ಅಲ್ಲಿ ಶೂ ಉಳಿಯಿತು. ಕೆಥೆಡ್ರಲ್‌ನಲ್ಲಿ ಉಳಿಯಲಿಲ್ಲ.

ನಾನು ಮತ್ತೆ ಮೆಟ್ಟಿಲ ಮೇಲೆ ಕೂತೆ. ಈ ಸಲ ಶೂಗಳನ್ನು ಪಕ್ಕದಲ್ಲಿಟ್ಟೆ. ಗಂಡ ಹೆಂಡತಿ ಇಬ್ಬರು ಬಂದು ಬಸ್ ನಿಲ್ದಾಣಕ್ಕೆ ದಾರಿ ಕೇಳಿದರು. ನನಗೆ ಬರುವ ಸ್ಪ್ಯಾನಿಷ್‌ನಲ್ಲಿ ಹೇಳಿದೆ, ಬಾರದಿದ್ದಲ್ಲಿ ಕೈ ತೋರಿಸಿದೆ. ಒಬ್ಬಾಕೆ ಅಜ್ಜಿ ಬ್ರೆಡ್ಡು ತುಂಬಿದ ಚೀಲವನ್ನು ಮಾಮನ ಶೂ ಪಕ್ಕ ಇಟ್ಟು, ಸ್ವಲ್ಪ ನೋಡಿಕೊಳ್ಳಮ್ಮ ಎನ್ನುವಂತೆ ಸನ್ನೆ ಮಾಡಿ ಎದುರಿನ ಅಂಗಡಿಗೆ ಹೋದಳು. ಬಂದು, ಚೀಲ ಎತ್ತಿಕೊಂಡು, ನನ್ನ ಕೆನ್ನೆ ತಟ್ಟಿದಳು. ನಾನು ಬೆಚ್ಚಲಿಲ್ಲ.

ಆಮೇಲೆ ಬಾಗಿಲಲ್ಲಿ ಟಿಕೆಟ್ ನೋಡುವ ಹೆಂಗಸು ನನ್ನ ಬಳಿ ಬಂದು, ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದಳು. "ನಿಮ್ಮ ತಂದೆಗೆ ದಯವಿಟ್ಟು ಒಳಗೆ ಹೋಗಲು ಹೇಳಿ. ಬಂದಾಗಿನಿಂದ ಬಾಗಿಲ ಹಿಂದೆಯೇ ನಿಂತು ನಿಮ್ಮನ್ನು ನೋಡುತ್ತಿದ್ದಾರೆ. ಅಲ್ಲಿ ನೆಲ ತುಂಬ ತಣ್ಣಗಿದೆ."

ಎದ್ದು ಹೋಗಿ ಇಣುಕಿದೆ. ಮಾಮ ಗೋಡೆಯ ಕಡೆ ತಿರುಗಿ, ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು, ಫೋನಿನಲ್ಲಿ ಪಿಸುಗುಟ್ಟುತ್ತಿದ್ದ.

"ಹೂಂ ಅಕ್ಕಾ, ಒಬ್ಳೇ ಕೂತಿದ್ದಾಳೆ... ನಿನ್ನೆ ನಡುಗ್ತಿದ್ಲು, ಓಡಿಹೋಗಿ ಕರ್ಕೊಂಡ್ ಬಂದ್ಬಿಡೋಣ ಅನ್ನಿಸ್ತು, ತಡ್ಕೊಂಡೆ... ಇವತ್ತು ಯಾರಿಗೋ ದಾರಿ ಹೇಳ್ತಾ ಇದ್ಲು ಕಣಕ್ಕಾ! ಅಳ್ಬೇಡ... ಇಲ್ಲ, ಅವಳ ಟಿಕೆಟ್ ಬುಕ್ ಮಾಡಲ್ಲ. ನಾನೊಬ್ನೇ ಬರ್ತೀನಿ."

ನಾನು ಸದ್ದಾಗದಂತೆ ಹಿಂದೆ ಸರಿದು ನನ್ನ ಜಾಗದಲ್ಲಿ ಕೂತೆ.

ಮಾಮ ಬಂದ. "ಏನ್ ಕಂಬಗಳು ಅಂತೀಯ! ಏನ್ ಕೆತ್ತನೆ! ಎರಡು ಕಣ್ಣು ಸಾಲಲ್ಲ!" ಎಂದ.

"ಹೌದಾ? ಇನ್ನೇನೇನಿತ್ತು ಮಾಮ?"

ಅವನು ಹೇಳುತ್ತಾ ಹೋದ. ಬಂಗಾರದ ದೇವರನ್ನು ಇಟ್ಟ, ಬಣ್ಣದ ಗಾಜು ಹಾಕಿದ, ಗಂಟೆ ಕಟ್ಟಿದ. ಹೇಳುತ್ತಲೇ ಲೇಸ್ ಕಟ್ಟಲು ಬಗ್ಗಿದರೆ ಚಳಿಗೆ ಮರಗಟ್ಟಿದ ಬೆರಳು ಮಾತು ಕೇಳಲಿಲ್ಲ. ನಾನು ಕೆಳಗಿನ ಮೆಟ್ಟಿಲಿಗೆ ಇಳಿದು ಕೂತು, ಅವನ ಪಾದಗಳನ್ನು ಒಂದೊಂದಾಗಿ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಎರಡೂ ಲೇಸ್ ಕಟ್ಟಿಕೊಟ್ಟೆ.